ಅವಳ ಕೈ ಏನು ಮಾಡುತ್ತಿದೆ? ಜಾಹೀರಾತಿನ ಹೆಣ್ಣನ್ನು ನೋಡುವ, ಪ್ರಶ್ನಿಸುವ, ದೂರು ಕೊಡುವ ಬಗೆ

ಮಂಡ್ಯದ ನೂರಡಿ ರಸ್ತೆಯಲ್ಲಿ ನನ್ನ ತಮ್ಮ ಟೈಲ್ಸ್ ಅಂಗಡಿ ಇಟ್ಟ. ಬೋರ್ಡ್ ಮಾಡಿಸಲು ಫ್ಲೆಕ್ಸ್ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಕಂಪ್ಯೂಟರ್ ಮುಂದೆ ಕೂತ ಹುಡುಗ ಅಂಗಡಿ ಹೆಸರು, ಫೋನ್ ನಂಬರ್, ಮೂಲೆಯಲ್ಲಿ ದೇವರ ಚಿತ್ರ ಎಲ್ಲ ಕೂರಿಸಿದ. ಬಲಗಡೆ ಉಳಿದಿದ್ದ ಖಾಲಿ ಜಾಗ ತೋರಿಸಿ, "ಅಕ್ಕಾ, ಇಲ್ಲೊಂದು ಹುಡ್ಗಿ ಫೋಟೋ ಹಾಕ್ಬುಡನಾ? ಇಲ್ದಿದ್ರೆ ಬೋರ್ಡು ಬಣಬಣ ಅಂತದೆ" ಅಂದ. ನಾವು ಹೂಂ ಅನ್ನುವ ಮೊದಲೇ ಕೆಂಪು ಗೌನು ತೊಟ್ಟವಳೊಬ್ಬಳು ಪರದೆಯ ಮೇಲೆ ಬಂದಳು. ಬರಿಗಾಲಲ್ಲಿ ನಿಂತು, ಸೊಂಟ ಒಂದು ಕಡೆ ವಾಲಿಸಿ, ಬೆರಳ ತುದಿಯಲ್ಲಿ ತನ್ನದೇ ಕೆನ್ನೆ ಮುಟ್ಟಿಕೊಂಡಿದ್ದಳು. ಅವಳಿಗೂ ಟೈಲ್ಸಿಗೂ ಏನು ಸಂಬಂಧ ಎಂದು ನಾನೂ ಕೇಳಲಿಲ್ಲ, ತಮ್ಮನೂ ಕೇಳಲಿಲ್ಲ. ಚೆನ್ನಾಗಿದೆ ಅಂದು ಅಡ್ವಾನ್ಸ್ ಕೊಟ್ಟು ಬಂದೆವು.

ಮೂರು ತಿಂಗಳಾದ ಮೇಲೆ ಆರು ವರ್ಷದ ಮಗಳನ್ನು ಮೈಸೂರಿನಿಂದ ಅಲ್ಲಿಗೆ ಕರೆದುಕೊಂಡು ಹೋದೆ. ಅವಳು ಅಂಗಡಿ ಮುಂದೆ ತಲೆ ಎತ್ತಿ ಬೋರ್ಡನ್ನೇ ನೋಡುತ್ತ ನಿಂತಳು. "ಅಮ್ಮಾ, ಮಾವ ಈ ಅಕ್ಕನ್ನೂ ಮಾರ್ತಾರಾ?" ಅಂತ ಕೇಳಿದಳು. ಬೋರ್ಡಿನ ಮೇಲಿದ್ದದ್ದು ಎರಡೇ, ಟೈಲ್ಸ್ ಮತ್ತು ಹೆಣ್ಣು. ಮಗು ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ ಓದಿತ್ತು, ಸರಿಯಾಗಿಯೇ ಓದಿತ್ತು.

ಅಲ್ಲಿಂದ ಈಚೆಗೆ ನಾನು ಓದಿದ್ದು, ಮನೆಯಲ್ಲಿ ಮಾಡಿ ನೋಡಿದ್ದು, ಅರ್ಜಿ ಬರೆದು ಕಲಿತದ್ದು ಇಲ್ಲಿದೆ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ. ನೋಡುವುದನ್ನು ಕಲಿಯದೆ ದೂರು ಬರೆಯಲು ಕೂತರೆ ಸಿಟ್ಟು ಮಾತ್ರ ಕಾಗದಕ್ಕೆ ಇಳಿಯುತ್ತದೆ.

ಹೆಜ್ಜೆ 1: ಮೊದಲು ಕೈ ನೋಡಿ

ಜಾಹೀರಾತಿನಲ್ಲಿ ಹೆಣ್ಣು ಕಂಡರೆ ಮುಖ, ಬಟ್ಟೆ ಬಿಟ್ಟು ಮೊದಲು ಅವಳ ಕೈ ನೋಡಿ. ಆ ಕೈ ಏನಾದರೂ ಮಾಡುತ್ತಿದೆಯೇ? ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲಿ ನೂರಾರು ಜಾಹೀರಾತು ಚಿತ್ರಗಳನ್ನು ಮುಂದಿಟ್ಟುಕೊಂಡು ಇದನ್ನೇ ಗಮನಿಸಿದರು. ಗಂಡಸಿನ ಕೈ ವಸ್ತುವನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಎತ್ತುತ್ತದೆ, ತಿರುಗಿಸುತ್ತದೆ. ಹೆಂಗಸಿನ ಕೈ ಅದೇ ವಸ್ತುವನ್ನು ಮೆಲ್ಲಗೆ ಸವರುತ್ತದೆ, ಇಲ್ಲವೇ ತನ್ನದೇ ಕೆನ್ನೆ, ಕುತ್ತಿಗೆ, ಕೂದಲು ಮುಟ್ಟಿಕೊಂಡಿರುತ್ತದೆ. ತಾನೂ ಮುಟ್ಟಿ ನೋಡಬೇಕಾದ ನಾಜೂಕಿನ ಒಂದು ವಸ್ತು ಎಂಬಂತೆ. ನಮ್ಮ ಬೋರ್ಡಿನ ಕೆಂಪು ಗೌನಿನವಳೂ ಹಾಗೇ ನಿಂತಿದ್ದಳು. ಅಮೆರಿಕದ ಪತ್ರಿಕೆಗಳಲ್ಲಿ ಅವರು ಐವತ್ತು ವರ್ಷದ ಹಿಂದೆ ಗುರುತಿಸಿದ್ದು ಮಂಡ್ಯದ ಫ್ಲೆಕ್ಸಿನಲ್ಲಿ ಹಾಗೇ ಕೂತಿದೆ.

ಕಣ್ಣು ಪಳಗಲು ಒಂದು ಅಭ್ಯಾಸ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ರವಿವರ್ಮನದು ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ. ಬರೆದವರು ಎಸ್. ಎಲ್. ಹಲ್ದಂಕರ್, ಜಲವರ್ಣದಲ್ಲಿ. ರೂಪದರ್ಶಿಯಾಗಿ ನಿಂತದ್ದು ಅವರ ಮಗಳೇ. ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಅದರ ಮುಂದೆ ಐದು ನಿಮಿಷ ನಿಲ್ಲಿ. ಒಂದು ಕೈ ದೀಪ ಹಿಡಿದಿದೆ. ಇನ್ನೊಂದು ಕೈ ಗಾಳಿಗೆ ಅಡ್ಡವಾಗಿ ಕುಡಿಯನ್ನು ಮರೆಮಾಡಿದೆ, ಬೆಳಕು ತೂರಿ ಆ ಬೆರಳುಗಳು ಕೆಂಪಗೆ ಕಾಣುತ್ತವೆ. ಚೆಲುವೆ ಹೌದು. ಆದರೆ ಅವಳು ದೀಪ ಆರದಂತೆ ಕಾಯುತ್ತಿದ್ದಾಳೆ, ಅವಳ ಗಮನ ತನ್ನ ಕೆಲಸದ ಮೇಲಿದೆ. ನಾವು ಅವಳನ್ನು ನೋಡುತ್ತೇವೆ, ಆದರೆ ಅವಳು ನಮಗೋಸ್ಕರ ಅಲ್ಲಿ ನಿಂತಿಲ್ಲ. ಅಲ್ಲಿಂದ ಹೊರಗೆ ಬಂದು ಮೊದಲು ಸಿಗುವ ದೊಡ್ಡ ಹೋರ್ಡಿಂಗಿನ ಕೈ ನೋಡಿ. ನಾನು ಎಷ್ಟು ವಿವರಿಸಿದರೂ ಆಗದ ಕೆಲಸವನ್ನು ಆ ಎರಡು ಕೈಗಳು ಮಾಡುತ್ತವೆ.

ಹೆಜ್ಜೆ 2: ತೆಗೆದು ನೋಡಿ, ಅದಲು ಬದಲು ಮಾಡಿ, ತಲೆ ಹುಡುಕಿ

ಕೈಯ ಪರೀಕ್ಷೆ ಒಂದೇ ಸಾಲದು. ಇನ್ನೂ ಮೂರು ಪ್ರಶ್ನೆಗಳಿವೆ.

ಹೆಣ್ಣನ್ನು ಆ ಚಿತ್ರದಿಂದ ತೆಗೆದರೆ ಕೊಳ್ಳುವವರಿಗೆ ಬೇಕಾದ ಯಾವುದಾದರೂ ವಿಷಯ ಕಡಿಮೆಯಾಗುತ್ತದೆಯೇ? ರೇಷ್ಮೆ ಸೀರೆಯ ಜಾಹೀರಾತಿನಲ್ಲಿ ಉಟ್ಟವರು ಇಲ್ಲದಿದ್ದರೆ ಸೆರಗು ಹೇಗೆ ಬೀಳುತ್ತದೆ ಎಂದು ಗೊತ್ತಾಗುವುದಿಲ್ಲ, ಸರಿ. ಸಿಮೆಂಟ್, ಪಂಪ್‌ಸೆಟ್, ಟ್ರ್ಯಾಕ್ಟರ್ ಟೈರಿನ ಪಕ್ಕ ನಿಂತವಳನ್ನು ತೆಗೆದರೆ ಏನೂ ಕಡಿಮೆಯಾಗುವುದಿಲ್ಲ. ಹಾಗಾದರೆ ಅವಳು ಕಣ್ಣು ಸೆಳೆಯುವ ಕೊಕ್ಕೆ, ಅಷ್ಟೇ.

ಅದೇ ಭಂಗಿಯಲ್ಲಿ ಒಬ್ಬ ಗಂಡಸನ್ನು ಊಹಿಸಿಕೊಳ್ಳಿ. ನಲವತ್ತರ ಮೇಸ್ತ್ರಿಯೊಬ್ಬ ತುಟಿ ತುಸು ತೆರೆದು, ಕತ್ತು ಓರೆ ಮಾಡಿ ಸಿಮೆಂಟ್ ಮೂಟೆಗೆ ಒರಗಿದ್ದರೆ? ಮಕ್ಕಳು ನಗುತ್ತಾರೆ. ಗಂಡಸಿನ ಮೈಯಲ್ಲಿ ವಿಚಿತ್ರವಾಗಿ ಕಾಣುವ ಭಂಗಿ ಹೆಣ್ಣಿನ ಮೈಯಲ್ಲಿ ಮಾಮೂಲಾಗಿ ಕಂಡರೆ, ನಮ್ಮ ಕಣ್ಣಿಗೆ ರೂಢಿ ಮಾಡಿಸಿದ್ದು ಏನು ಎಂದು ಅಲ್ಲೇ ತಿಳಿಯುತ್ತದೆ.

ಕೊನೆಯದು, ತಲೆ ಎಲ್ಲಿದೆ? ಕುತ್ತಿಗೆಯಿಂದ ಮೇಲೆ ಕತ್ತರಿಸಿದ ಒಡವೆಯ ಜಾಹೀರಾತು, ಬರೀ ಸೊಂಟ, ಬರೀ ತುಟಿ, ಬರೀ ಕಾಲು. ಮನುಷ್ಯಳನ್ನು ಬಿಡಿಭಾಗ ಮಾಡಿದಾಗ ಅವಳಿಗೆ ಹೆಸರೂ ಇರುವುದಿಲ್ಲ, ಮಾತೂ ಇರುವುದಿಲ್ಲ. ಬಿಡಿಭಾಗ ಅಂದರೆ ಚಿತ್ರವೇ ಇರಬೇಕೆಂದಿಲ್ಲ. 2024ರ ಅಕ್ಟೋಬರಿನಲ್ಲಿ ದೆಹಲಿ ಮೆಟ್ರೋದಲ್ಲಿ ಸ್ತನ ಕ್ಯಾನ್ಸರ್ ಜಾಗೃತಿಯ ಜಾಹೀರಾತೊಂದು ಹೆಂಗಸರಿಗೆ ನಿಮ್ಮ "ಕಿತ್ತಳೆ"ಗಳನ್ನು ಪರೀಕ್ಷಿಸಿಕೊಳ್ಳಿ ಎಂದಿತು. ಜನ ಆಕ್ಷೇಪಿಸಿದರು, ಮೆಟ್ರೋದವರು ತೆಗೆದರು. ಉದ್ದೇಶ ಒಳ್ಳೆಯದೇ. ಆದರೆ ಕಾಯಿಲೆಯ ವಿಷಯದಲ್ಲೂ ಹೆಣ್ಣಿನ ಅಂಗಕ್ಕೆ ಅದರ ಹೆಸರು ಹೇಳಲು ಬಾಯಿ ಬಾರದೆ, ತಿನ್ನುವ ಹಣ್ಣಿನ ಹೆಸರು ಹುಡುಕಬೇಕಾಯಿತಲ್ಲ ಎಂದು ನನಗೆ ಇವತ್ತಿಗೂ ಬೇಸರ.

ಒಂದು ಸಂಜೆ ಕೆ. ಆರ್. ವೃತ್ತದಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದು ಹೋಗಿ, ಎಡಬಲ ಕಂಡ ಬೋರ್ಡುಗಳಿಗೆ ಈ ಪ್ರಶ್ನೆಗಳನ್ನು ಹಾಕಿ. ದೇವರಾಜ ಮಾರುಕಟ್ಟೆ ದಾಟುವಷ್ಟರಲ್ಲಿ ಅಭ್ಯಾಸ ಕೂತಿರುತ್ತದೆ.

ಹೆಜ್ಜೆ 3: ಬಟ್ಟೆಯ ಅಳತೆಗೋಲು ಬಿಡಿ

ಬಹಳ ಜನ ದಾರಿ ತಪ್ಪುವುದು ಇಲ್ಲೇ, ಆದ್ದರಿಂದ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಜಾಹೀರಾತಿನ ಹೆಣ್ಣಿನ ಬಗ್ಗೆ ಮಾತು ತೆಗೆದರೆ "ಹೌದು, ಈಗಿನ ಹುಡುಗಿಯರ ಬಟ್ಟೆ ನೋಡಕ್ಕಾಗಲ್ಲ" ಅಂತ ಯಾರಾದರೂ ಶುರು ಮಾಡುತ್ತಾರೆ. ಅಲ್ಲಿಗೆ ಚರ್ಚೆ ಕೆಟ್ಟಿತು. ಜಾಹೀರಾತು ಮಾಡಿಸಿದವನ ಮೇಲೆ ಇರಬೇಕಾದ ಕಣ್ಣು ಮತ್ತೆ ಹೆಣ್ಣಿನ ಮೈಮೇಲೆಯೇ ಬಂದು ಕೂತಿತು. ಈಜುಡುಗೆ ತೊಟ್ಟು ಕೊಳಕ್ಕೆ ಹಾರುತ್ತಿರುವ ಈಜುಗಾರ್ತಿಯ ಚಿತ್ರದಲ್ಲಿ ಬಟ್ಟೆ ಕಡಿಮೆ. ಆದರೆ ಅವಳ ಮೈ ಅವಳ ಕೆಲಸದಲ್ಲಿದೆ. ಆರು ಗಜದ ಸೀರೆ ಉಟ್ಟು, ಹೂ ಮುಡಿದು, ಗಂಡನ ಕಾರಿನ ಪಕ್ಕ ಕಾರಿನಷ್ಟೇ ಹೊಳೆಯುತ್ತ ತಲೆ ತಗ್ಗಿಸಿ ನಿಂತವಳ ಬಟ್ಟೆ ಮೈತುಂಬ ಇದೆ. ಅವಳು ಅವನ ಆಸ್ತಿಯ ಪಟ್ಟಿಯಲ್ಲಿ ಇನ್ನೊಂದು ಸಾಲು. ನನ್ನ ಕೇಳಿದರೆ ಎರಡನೆಯ ಚಿತ್ರವೇ ಹೆಚ್ಚು ಅಪಾಯದ್ದು, ಏಕೆಂದರೆ ಅದನ್ನು ಮನೆಮಂದಿಯೆಲ್ಲ ಕೂತು ನೋಡುತ್ತೇವೆ, ಯಾರಿಗೂ ಮುಜುಗರವಾಗುವುದಿಲ್ಲ.

ಭಾರತದ ಕಾನೂನೂ ಬರೀ ಬಟ್ಟೆಗೆ ನಿಲ್ಲುವುದಿಲ್ಲ. ಕೇಬಲ್ ಟಿವಿ ನಿಯಮಗಳ ಜಾಹೀರಾತು ಸಂಹಿತೆ ಹೆಣ್ಣನ್ನು ಕೀಳಾಗಿ ತೋರಿಸಬಾರದು ಎನ್ನುವುದರ ಜೊತೆಗೆ, ಹೇಳಿದ್ದನ್ನು ಕೇಳಿಕೊಂಡು ತಗ್ಗಿಬಗ್ಗಿ ನಡೆಯುವುದೇ ಅವಳ ಗುಣ ಎಂಬಂತೆ, ಮನೆಯಲ್ಲೂ ಸಮಾಜದಲ್ಲೂ ಅವಳದು ಎರಡನೆಯ ಸ್ಥಾನ ಎಂಬಂತೆ ತೋರಿಸುವುದನ್ನೂ ತಡೆಯುತ್ತದೆ. ಈ ನಿಯಮಗಳು 1994ರವು. ಮೂವತ್ತು ವರ್ಷ ಕಳೆದರೂ ಇಂಥದ್ದೊಂದು ನಿಯಮ ಇದೆ ಎಂಬುದು ಟಿವಿ ನೋಡುವ ಬಹುತೇಕ ಮನೆಗಳಿಗೆ ಗೊತ್ತಿಲ್ಲ.

ಇನ್ನೊಂದು ಮಾತು. ಚಿತ್ರದಲ್ಲಿ ನಿಂತ ರೂಪದರ್ಶಿಯನ್ನು ಬೈಯಬೇಡಿ. ಅವಳು ದುಡಿಯಲು ಬಂದವಳು. ಭಂಗಿ ನಿರ್ಧರಿಸಿದವರು, ದುಡ್ಡು ಹಾಕಿದವರು, ಒಪ್ಪಿಗೆ ಕೊಟ್ಟವರು ಬೇರೆ ಇದ್ದಾರೆ.

ಹೆಜ್ಜೆ 4: ನಿಮ್ಮೊಳಗೆ ಏನಾಗುತ್ತಿದೆ ಎಂದು ಒಂದು ವಾರ ಬರೆದಿಡಿ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಸ್ವಸಹಾಯ ಸಂಘಗಳ ಸಭೆಯಲ್ಲಿ ನಿಂತು ಸಾಲದ ವಿವರ ಹೇಳುವುದು ನನ್ನ ಕೆಲಸದ ಒಂದು ಭಾಗ. ಒಮ್ಮೆ ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಬಡ್ಡಿಯ ಲೆಕ್ಕ ವಿವರಿಸುವಾಗ, ಯಾರೋ ಫೋನಿನಲ್ಲಿ ಫೋಟೋ ತೆಗೆಯುತ್ತಿರುವುದು ಕಂಡಿತು. ಆ ಕ್ಷಣವೇ ಹೊಟ್ಟೆ ಒಳಗೆಳೆದುಕೊಂಡೆ, ಸೆರಗು ಸರಿಮಾಡಿಕೊಂಡೆ, ಗಲ್ಲ ಎತ್ತಿದೆ. ಮಾತು ತಪ್ಪಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬರು "ಎಷ್ಟು ಪೈಸೆ ಅಂದ್ಯವ್ವಾ?" ಎಂದು ಕೇಳಿದಾಗ ನಾನು ಎಲ್ಲಿದ್ದೆ ಎಂಬುದೇ ಮರೆತಿತ್ತು.

ಇದಕ್ಕೆ ಮನಃಶಾಸ್ತ್ರದಲ್ಲಿ ವಿವರಣೆ ಇದೆ. ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಟೋಮಿ ಆನ್ ರಾಬರ್ಟ್ಸ್ 1997ರಲ್ಲಿ ಹೇಳಿದ್ದು ಇದು: ತನ್ನನ್ನು ಸದಾ ನೋಡುವ ವಸ್ತುವಾಗಿ ಕಾಣುವ ಪರಿಸರದಲ್ಲಿ ಬೆಳೆದ ಹೆಣ್ಣು ಕೊನೆಗೆ ತಾನೂ ಹೊರಗೆ ನಿಂತು ತನ್ನ ಮೈಯನ್ನು ನೋಡಲು ಶುರುಮಾಡುತ್ತಾಳೆ. ಒಳಗೆ ಒಬ್ಬ ಕಾವಲುಗಾರ ಕೂತಂತೆ. ಮರುವರ್ಷ ಫ್ರೆಡ್ರಿಕ್‌ಸನ್ ಮತ್ತು ಸಂಗಡಿಗರ ಪ್ರಯೋಗವೊಂದರ ಫಲಿತಾಂಶ ಬಂತು. ಕಾಲೇಜು ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೋಣೆಯಲ್ಲಿ ಕೂರಿಸಿ, ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ತೊಡಲು ಕೊಟ್ಟು, ಗಣಿತದ ಲೆಕ್ಕ ಬಿಡಿಸಲು ಹೇಳಿದರು. ಬೇರೆ ಯಾರೂ ನೋಡುತ್ತಿರಲಿಲ್ಲ, ಮುಂದೆ ಕನ್ನಡಿ ಮಾತ್ರ ಇತ್ತು. ಈಜುಡುಗೆ ತೊಟ್ಟ ಹುಡುಗಿಯರು ಲೆಕ್ಕದಲ್ಲಿ ಹಿಂದೆ ಬಿದ್ದರು. ಹುಡುಗರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ತನ್ನ ಮೈ ಕಾಯುವುದಕ್ಕೆ ಖರ್ಚಾಗುವ ಗಮನ ಬೇರೆಲ್ಲಿಂದಲೋ ಕಡಿತವಾಗುತ್ತದೆ. ನನ್ನ ಬಡ್ಡಿ ಲೆಕ್ಕ ತಪ್ಪಿದ್ದೂ ಅದಕ್ಕೇ ಇರಬೇಕು.

ಮಾಡಬೇಕಾದ್ದು ಇಷ್ಟು. ಬೀರು ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಿ. ದಿನದಲ್ಲಿ ಎಷ್ಟು ಸಲ ನಿಮ್ಮ ಹೊಟ್ಟೆ, ತೋಳು, ಬಣ್ಣ, ಕೂದಲಿನ ಬಗ್ಗೆ ಬೇಸರ ಹುಟ್ಟಿತೋ ಅಷ್ಟು ಗೀಟು ಎಳೆಯಿರಿ. ಪಕ್ಕದಲ್ಲಿ ಅದಕ್ಕೆ ಸ್ವಲ್ಪ ಮೊದಲು ಏನು ನೋಡುತ್ತಿದ್ದಿರಿ ಎಂದು ಒಂದೇ ಪದದಲ್ಲಿ ಬರೆಯಿರಿ: ರೀಲ್ಸ್, ಧಾರಾವಾಹಿ, ಮದುವೆ ಫೋಟೋ. ಏಳು ದಿನ ಸಾಕು. ನನ್ನ ಚೀಟಿಯಲ್ಲಿ ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆಯ ನಡುವೆ ಗೀಟುಗಳು ಗುಂಪುಗಟ್ಟಿದ್ದವು. ಫೋನ್ ಹಿಡಿದು ಮಲಗುವ ಹೊತ್ತು. ಬೇಸರ ನನ್ನ ಮೈಯಿಂದ ಹುಟ್ಟಿದ್ದಲ್ಲ, ಅದಕ್ಕೊಂದು ವೇಳಾಪಟ್ಟಿ ಇತ್ತು ಎಂದು ಗೊತ್ತಾದಾಗ ಅದರ ಹಿಡಿತ ಅರ್ಧ ಸಡಿಲವಾಯಿತು.

ಹೆಜ್ಜೆ 5: ಮನೆಯ ಮಾತನ್ನು ತಿದ್ದಿ, ವಧುವರ ಜಾಹೀರಾತಿನಿಂದ ಶುರುಮಾಡಿ

ಮಗು ಹುಟ್ಟಿದ ಹನ್ನೊಂದನೇ ದಿನ ತೊಟ್ಟಿಲ ಸುತ್ತ ನಿಂತವರ ಮಾತು ಕೇಳಿಸಿಕೊಳ್ಳಿ. "ಬಣ್ಣ ವಸಿ ಕಮ್ಮಿ, ಆದ್ರೆ ಲಕ್ಷಣವಾಗವ್ಳೆ." ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಆ "ಆದ್ರೆ" ಇದೆಯಲ್ಲ, ಆ ಒಂದು ಪದದ ಮೇಲೆ ಕೋಟಿಗಟ್ಟಲೆ ವ್ಯಾಪಾರ ನಿಂತಿದೆ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪಗಿದ್ದವಳಿಗೆ ಕೆಲಸವಿಲ್ಲ, ವರನಿಲ್ಲ, ಬೆಳ್ಳಗಾದ ಮೇಲೆ ಎರಡೂ ಉಂಟು ಎನ್ನುವ ಕತೆಯನ್ನು ನನ್ನ ತಲೆಮಾರು ನೂರಾರು ಸಲ ನೋಡಿ ಬೆಳೆಯಿತು. ಬಣ್ಣ ಕಪ್ಪಗಿದ್ದವರನ್ನು ಮದುವೆಗೆ, ಕೆಲಸಕ್ಕೆ ಲಾಯಕ್ಕಿಲ್ಲದವರಂತೆ, ಸಪ್ಪೆಮೋರೆಯವರಂತೆ ತೋರಿಸಬಾರದು ಎಂದು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿ 2014ರಲ್ಲಿ ಸೂಚನೆ ಹೊರಡಿಸಿತು. 2020ರಲ್ಲಿ ಆ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಕ್ರೀಮಿನ ಡಬ್ಬಿ ಬದಲಾಯಿತು, ನಮ್ಮ ತೊಟ್ಟಿಲ ಸುತ್ತಲಿನ ಮಾತು ಬದಲಾಗಲಿಲ್ಲ.

ಈಗ ಒಂದು ವಿಷಯ ಯೋಚಿಸಿ. ನಮ್ಮಲ್ಲಿ ಹೆಚ್ಚಿನವರು ಬದುಕಿನಲ್ಲಿ ಬರೆಯುವ ಒಂದೇ ಒಂದು ಜಾಹೀರಾತು ಯಾವುದು? ಭಾನುವಾರದ ಪತ್ರಿಕೆಗೋ, ವಾಟ್ಸ್ಆ್ಯಪ್ ಗುಂಪಿಗೋ, ಮದುವೆ ದಲ್ಲಾಳಿಗೋ ಕೊಡುವ ವಧುವರ ವಿವರ. "ಬೆಳ್ಳಗೆ, ಸ್ಲಿಮ್, 5 ಅಡಿ 4 ಅಂಗುಲ, ಹೊಂದಿಕೊಂಡು ಹೋಗುವ ಹುಡುಗಿ ಬೇಕು." ನಮ್ಮ ಮನೆಯಲ್ಲೇ ದೊಡ್ಡಪ್ಪನ ಮಗನಿಗೆ ಹೆಣ್ಣು ನೋಡುವಾಗ ನಾನು ಬರೆದುಕೊಟ್ಟ ವಿವರದಲ್ಲಿ ಈ ಪದಗಳಿದ್ದವು. ಸಂತೆಯಲ್ಲಿ ಹೋರಿಗೆ ಹಲ್ಲು, ಸುಳಿ ನೋಡುವವರೂ ಇಷ್ಟು ಚುಟುಕಾಗಿ ಹೇಳಲಾರರು.

ತಿದ್ದುವ ಬಗೆ: ವಿವರ ಬರೆದು ಮುಗಿಸಿ, ಮೈಗೆ ಸಂಬಂಧಪಟ್ಟ ಪದಗಳಿಗೆಲ್ಲ ಗೆರೆ ಎಳೆಯಿರಿ. ಅವನ್ನು ಹೊಡೆದು ಹಾಕಿ ಉಳಿದದ್ದನ್ನು ಓದಿ. ಏನೂ ಉಳಿಯಲಿಲ್ಲವಾದರೆ ಹುಡುಗಿಯ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ, ಅಥವಾ ಬೇಕಾದದ್ದು ಏನೆಂದು ಹುಡುಗನನ್ನು ನೀವು ಕೇಳಿಯೇ ಇಲ್ಲ. ಆ ಜಾಗದಲ್ಲಿ ಅವಳು ಮಾಡುವ ಕೆಲಸ, ಓದಿದ್ದು, ಎಲ್ಲಿ ಬದುಕಲು ಇಷ್ಟ, ಮದುವೆಯಾದ ಮೇಲೆ ದುಡಿಮೆ ಮುಂದುವರಿಸುವ ವಿಚಾರ ಇವನ್ನು ಬರೆಯಿರಿ. ಮನೆಯ ಹಿರಿಯರು "ಬಣ್ಣ ಹಾಕ್ನಿಲ್ವಲ್ಲ" ಅನ್ನುತ್ತಾರೆ. ಜಗಳಕ್ಕೆ ಹೋಗಬೇಡಿ. "ಫೋಟೋ ಕೊಡ್ತೀವಲ್ಲ ದೊಡ್ಡಮ್ಮ, ಅವರೇ ನೋಡ್ಕತಾರೆ" ಅಂದರೆ ಮಾತು ಮುಗಿಯುತ್ತದೆ. ನಮ್ಮ ಮನೆಯಲ್ಲಿ ಮುಗಿದದ್ದು ಹಾಗೇ.

ಹೆಜ್ಜೆ 6: ಫೋನಿನ ಬಾಗಿಲು ಕಿರಿದು ಮಾಡಿ

ಇದು ಹತ್ತು ನಿಮಿಷದ ಕೆಲಸ. ಗೂಗಲ್ ಖಾತೆಯಲ್ಲಿ "ಮೈ ಆ್ಯಡ್ ಸೆಂಟರ್" ಎಂಬ ಪುಟವಿದೆ. ಅಲ್ಲಿ ನಿಮ್ಮ ಚಟುವಟಿಕೆ ನೋಡಿ ಆರಿಸಿ ತೋರಿಸುವ ಜಾಹೀರಾತುಗಳನ್ನು ಪೂರ್ತಿ ನಿಲ್ಲಿಸಬಹುದು. ಅಥವಾ ತೂಕ ಇಳಿಸುವುದು, ಡೇಟಿಂಗ್, ಜೂಜು, ಮದ್ಯದಂಥ ವಿಷಯಗಳನ್ನು ಮಾತ್ರ ಕಡಿಮೆ ಮಾಡಬಹುದು. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಅಕೌಂಟ್ಸ್ ಸೆಂಟರಿನ ಜಾಹೀರಾತು ಆಯ್ಕೆಗಳಿಗೆ ಹೋಗಿ ಬೇಡದ ವಿಷಯ ಹುಡುಕಿ "ಕಡಿಮೆ ತೋರಿಸು" ಎಂದು ಒತ್ತಿ. ಕೆಟ್ಟದ್ದೊಂದು ಕಂಡರೆ ಸುಮ್ಮನೆ ಮೇಲಕ್ಕೆ ತಳ್ಳಬೇಡಿ. ಮೂಲೆಯ ಮೂರು ಚುಕ್ಕಿ ಒತ್ತಿ, ಮರೆಮಾಡಿ, ರಿಪೋರ್ಟ್ ಮಾಡಿ. ಆದರೆ ರಿಪೋರ್ಟ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅದು ಮತ್ತೆ ಸಿಗಲಿಕ್ಕಿಲ್ಲ.

ಹೆಜ್ಜೆ 7: ಮಕ್ಕಳಿಗೆ ಉಪದೇಶ ಬೇಡ, ಕತ್ತರಿ ಕೊಡಿ

ಹಳೇ ಪತ್ರಿಕೆಯ ಪುರವಣಿಗಳನ್ನು ಕೊಟ್ಟು ಜಾಹೀರಾತುಗಳನ್ನು ಕತ್ತರಿಸಲು ಹೇಳಿ. ಗಂಡಸರ ತಲೆ ಹೆಂಗಸರ ಮೈಗೆ, ಹೆಂಗಸರ ತಲೆ ಗಂಡಸರ ಮೈಗೆ ಅಂಟಿಸಲಿ. ನನ್ನ ಮಗಳೂ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗನೂ ಒಂದು ಭಾನುವಾರ ಪೂರ್ತಿ ಇದರಲ್ಲಿ ಕಳೆದರು. ಕೊನೆಗೆ ಅವನು ಕೇಳಿದ, "ಆಂಟಿ, ಹುಡುಗ್ರು ಮಾತ್ರ ಯಾಕೆ ಎಲ್ರೂ ನೆಟ್ಟಗೆ ನಿಂತವ್ರೆ?" ಅವನ ಆ ಪ್ರಶ್ನೆಗೆ ಸಮನಾದದ್ದು ನಾನು ಹತ್ತು ಸಲ ಬುದ್ಧಿ ಹೇಳಿದರೂ ಹುಟ್ಟುತ್ತಿರಲಿಲ್ಲ.

ಹುಡುಗರನ್ನು ಆರೋಪಿಗಳಂತೆ ಕೂರಿಸಬೇಡಿ. ಬಾಡಿ ಸ್ಪ್ರೇ ಹಾಕಿಕೊಂಡರೆ ಹುಡುಗಿಯರು ಹಿಂದೆ ಬೀಳುತ್ತಾರೆ ಎನ್ನುವ ಜಾಹೀರಾತು ಹುಡುಗನಿಗೂ ಸುಳ್ಳು ಹೇಳುತ್ತದೆ, ಹೆಣ್ಣು ಮಾತಾಡಿಸಿ ತಿಳಿಯಬೇಕಾದ ಮನುಷ್ಯಳಲ್ಲ, ವಾಸನೆಗೆ ಬರುವ ಬಹುಮಾನ ಎಂದು. ಜಿಮ್ಮಿನ ಪೋಸ್ಟರುಗಳು ಅವನ ಮೈಯನ್ನೂ ಅಳೆಯಲು ಶುರುಮಾಡಿವೆ. "ನಿನಗೂ ಹಾಗಾಗುತ್ತಾ?" ಎಂದು ಕೇಳಿ ಸುಮ್ಮನಿರಿ. ಸ್ಕೂಟರಿನ ಹಿಂದೆ ಕೂತಾಗ ಹುಡುಗರು ಚೆನ್ನಾಗಿ ಮಾತಾಡುತ್ತಾರೆ, ಮುಖ ನೋಡಬೇಕಿಲ್ಲವಲ್ಲ.

ಹೆಜ್ಜೆ 8: ದೂರು ಕೊಡಿ, ಸರಿಯಾದ ಬಾಗಿಲು ತಟ್ಟಿ

ನಾನು ಬರೆದ ಮೊದಲ ದೂರು ಎರಡು ಪುಟ ಇತ್ತು. ನೋವು, ಸಿಟ್ಟು, ಸಂಸ್ಕೃತಿ ಎಲ್ಲ ಇತ್ತು. ಜಾಹೀರಾತು ಎಲ್ಲಿ, ಯಾವತ್ತು ಕಂಡೆ ಎಂಬುದೇ ಇರಲಿಲ್ಲ. ಕಚೇರಿಯಿಂದ ಉತ್ತರವೂ ಬರಲಿಲ್ಲ. ಆಮೇಲೆ ಕಲಿತದ್ದು: ಅರ್ಧ ಪುಟ ಸಾಕು, ಐದು ಸಂಗತಿ ಇರಬೇಕು. ಜಾಹೀರಾತಿನ ಫೋಟೋ ಅಥವಾ ಕೊಂಡಿ, ಕಂಡ ಜಾಗ ಅಥವಾ ಚಾನೆಲ್, ದಿನಾಂಕ ಮತ್ತು ಹೊತ್ತು, ವಸ್ತುವಿನ ಹೆಸರು, ಯಾವ ದೃಶ್ಯ ಅಥವಾ ಯಾವ ಮಾತು ಏಕೆ ತಪ್ಪು ಎಂಬ ಎರಡು ಸಾಲು.

ಎಲ್ಲಿಗೆ ಎಂಬುದು ಜಾಹೀರಾತಿನ ಬಗೆಯ ಮೇಲೆ ನಿಂತಿದೆ.

ಟಿವಿ, ಪತ್ರಿಕೆ, ಹೋರ್ಡಿಂಗ್, ಇಂಟರ್ನೆಟ್ ಯಾವುದೇ ಇರಲಿ, ಮೊದಲ ಬಾಗಿಲು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಆಸ್ಕಿ. 1985ರಲ್ಲಿ ಶುರುವಾದದ್ದು, ಮುಂಬೈಯಲ್ಲಿದೆ. ಸರ್ಕಾರದ್ದಲ್ಲ, ಉದ್ಯಮವೇ ಕಟ್ಟಿಕೊಂಡದ್ದು. ಜೈಲಿಗೆ ಹಾಕುವ ಅಧಿಕಾರ ಇಲ್ಲ, ಆದರೆ ಜಾಹೀರಾತು ತಿದ್ದಿ ಅಥವಾ ತೆಗೆಯಿರಿ ಎಂದು ಹೇಳುತ್ತದೆ. ಗ್ರಾಹಕರಿಗೆ ಶುಲ್ಕವಿಲ್ಲ. ವೆಬ್‌ಸೈಟಿನಲ್ಲೂ ಕೊಡಬಹುದು, 77100 12345 ಸಂಖ್ಯೆಗೆ ವಾಟ್ಸ್ಆ್ಯಪ್ ಮಾಡಿಯೂ ಕೊಡಬಹುದು. 2022ರ ಜೂನಿನಲ್ಲಿ ಲಿಂಗ ಪಡಿಯಚ್ಚುಗಳ, ಅಂದರೆ ಹೆಣ್ಣೆಂದರೆ ಹೀಗೆ ಗಂಡೆಂದರೆ ಹಾಗೆ ಎಂಬ ಸಿದ್ಧ ಕಲ್ಪನೆಗಳ ಬಗ್ಗೆಯೇ ಅದು ಪ್ರತ್ಯೇಕ ಮಾರ್ಗಸೂಚಿ ತಂದಿದೆ. ದೂರಿನಲ್ಲಿ ಅದನ್ನು ಹೆಸರಿಸಿ. ಅದೇ ತಿಂಗಳು, ಸಾಮೂಹಿಕ ಅತ್ಯಾಚಾರದ ಸುಳಿವನ್ನು ತಮಾಷೆಯಾಗಿ ಬಳಸಿದ ಬಾಡಿ ಸ್ಪ್ರೇ ಜಾಹೀರಾತೊಂದರ ಮೇಲೆ ಜನ ತಿರುಗಿಬಿದ್ದರು. ಮಂಡಳಿ ಅದನ್ನು ತಡೆಹಿಡಿಯಿತು, ಯೂಟ್ಯೂಬ್ ಮತ್ತು ಟ್ವಿಟರಿನಿಂದ ತೆಗೆಯಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹೇಳಿತು. ನಾಲ್ಕು ಜನ ಬರೆದರೆ ಏನಾಗುತ್ತದೆ ಎನ್ನುವವರಿಗೆ ಇದನ್ನು ನೆನಪಿಸುತ್ತೇನೆ.

"15 ದಿನದಲ್ಲಿ ಬೆಳ್ಳಗೆ", "ತಿಂಗಳಲ್ಲಿ ಸೊಂಟ ಸಣ್ಣ" ಎಂಬಂಥ ಸುಳ್ಳು ಭರವಸೆಯಿದ್ದರೆ ಅದು ದಾರಿ ತಪ್ಪಿಸುವ ಜಾಹೀರಾತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾಧಿಕಾರಿಗೂ ಲಿಖಿತ ದೂರು ಕೊಡಬಹುದು. ತಯಾರಕರ ಜೊತೆಗೆ ಅದನ್ನು ಹೊಗಳಿ ಮಾತಾಡಿದ ತಾರೆಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಬಸ್ ನಿಲ್ದಾಣದ ಗೋಡೆಯ ಮೇಲಿನ, ಎದೆಯ ಆಕಾರ ತಿದ್ದುತ್ತೇವೆ ಎನ್ನುವ ಔಷಧಿಯ ಚೀಟಿ ನೋಡಿದ್ದೀರಲ್ಲ? 1954ರ ಕಾಯ್ದೆಯೊಂದರಡಿ ಅಂಥ ಜಾಹೀರಾತಿಗೆ ನಿಷೇಧವಿದೆ. ಅದು ಔಷಧ ನಿಯಂತ್ರಣ ಅಧಿಕಾರಿಗಳಿಗೆ ಹೋಗಬೇಕಾದ ದೂರು.

ಟಿವಿಯ ಜಾಹೀರಾತಾದರೆ ಕೇಬಲ್ ಕಾಯ್ದೆಯಡಿ ಜಿಲ್ಲಾಧಿಕಾರಿ, ಪೊಲೀಸ್ ಆಯುಕ್ತರು ಅಧಿಕೃತ ಅಧಿಕಾರಿಗಳು. ತೀರಾ ಅಸಭ್ಯವಾಗಿದ್ದರೆ 1986ರ ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯ್ದೆಯಿದೆ, ದೂರು ಪೊಲೀಸ್ ಠಾಣೆಗೆ. ಹೆಣ್ಣನ್ನು ಹೀನಾಯಗೊಳಿಸುವ ಚಿತ್ರಣವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಮೊದಲ ಅಪರಾಧಕ್ಕೆ 2 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಇವತ್ತಿಗೆ ಆ ದಂಡ ಏನೇನೂ ಅಲ್ಲ, ಆದರೆ ಜೈಲಿನ ಮಾತು ಗಂಭೀರವೇ.

ಮಂಡ್ಯದವಳಾಗಿ ಇದೊಂದನ್ನು ಹೇಳದೆ ಮುಂದೆ ಹೋಗಲಾರೆ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ. ಲಿಂಗ ಪತ್ತೆಯ ಬಗ್ಗೆ ಯಾವುದೇ ರೂಪದ ಜಾಹೀರಾತು ಕೊಡುವುದು 1994ರ ಕಾಯ್ದೆಯಲ್ಲಿ ಅಪರಾಧ, ಫೋನಿನಲ್ಲಿ ಬರುವ ಸಂದೇಶವಾದರೂ ಸರಿ. ಅಂಥದ್ದು ಕಂಡರೆ ಅಳಿಸಬೇಡಿ, ಜಿಲ್ಲಾಧಿಕಾರಿ ಅಥವಾ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಒಪ್ಪಿಸಿ.

ರಸ್ತೆಯ ಹೋರ್ಡಿಂಗ್ ಆಗಿದ್ದರೆ ಮೈಸೂರಿನಲ್ಲಿ ಮಹಾನಗರ ಪಾಲಿಕೆ, ಮಂಡ್ಯದಲ್ಲಿ ನಗರಸಭೆ. ಅರ್ಜಿ ಹೀಗಿದ್ದರೆ ಸಾಕು:

"ಮಾನ್ಯರೇ, ಇಂಥ ರಸ್ತೆಯಲ್ಲಿ, ಇಂಥ ಶಾಲೆಯ ಎದುರು, ಇಂಥ ದಿನಾಂಕದಂದು ಕಂಡ ಜಾಹೀರಾತು ಫಲಕದ ಫೋಟೋ ಲಗತ್ತಿಸಿದ್ದೇನೆ. ಮಾರುತ್ತಿರುವ ವಸ್ತುವಿಗೆ ಯಾವ ಸಂಬಂಧವೂ ಇಲ್ಲದೆ ಹೆಣ್ಣಿನ ಮೈಯ ಭಾಗವನ್ನು ಮಾತ್ರ ಹೀನಾಯವಾಗಿ ತೋರಿಸಲಾಗಿದೆ. ಈ ಫಲಕಕ್ಕೆ ಅನುಮತಿ ಇದೆಯೇ, ಇದ್ದರೆ ಯಾರ ಹೆಸರಿನಲ್ಲಿ ಎಂದು ಪರಿಶೀಲಿಸಿ, ತೆರವುಗೊಳಿಸಿ, ಕೈಗೊಂಡ ಕ್ರಮವನ್ನು ನನಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಅನುಮತಿಯ ಪ್ರಶ್ನೆ ಮರೆಯಬೇಡಿ, ಬೋರ್ಡು ಬೇಗ ಇಳಿಯುವುದು ಆ ಪ್ರಶ್ನೆಗೇ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತಿಂಗಳಾದರೂ ಸುದ್ದಿಯಿಲ್ಲದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಿಮ್ಮ ಅರ್ಜಿ ಏನಾಯಿತು ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ.

ಹೆಜ್ಜೆ 9: ಬೋರ್ಡು ನಿಮ್ಮದೇ ಆಗಿದ್ದರೆ

ಅಂಗಡಿ, ಪಿಜಿ, ಟ್ಯೂಷನ್, ಕ್ಲಿನಿಕ್, ಹೋಟೆಲು ಏನೇ ಇಟ್ಟರೂ ನೀವೂ ಜಾಹೀರಾತುದಾರರೇ. ಹೆಣ್ಣಿನ ಮೈ ಇಲ್ಲದೆ ಮಾರಾಟವಾಗುವುದಿಲ್ಲ ಎನ್ನುವವರಿಗೆ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ತೋರಿಸಿ. ನೂರು ವರ್ಷ ದಾಟಿದ ಆ ಸೋಪಿನ ಗುರುತು ಆನೆಯ ತಲೆ, ಸಿಂಹದ ಮೈಯ ಶರಭ.

ಮಗಳು ಆ ಪ್ರಶ್ನೆ ಕೇಳಿದ ವಾರವೇ ನಾನೂ ತಮ್ಮನೂ ಮತ್ತೆ ಅದೇ ಫ್ಲೆಕ್ಸ್ ಅಂಗಡಿಗೆ ಹೋದೆವು. ಕೆಂಪು ಗೌನಿನ ಬದಲು ಏನು ಹಾಕುವುದು? ತಮ್ಮ ಮೊದಲು ಹೇಳಿದ್ದು, ನಗುತ್ತ ನೆಲ ಒರೆಸುವ ಗೃಹಿಣಿ. ಅದೂ ಬೇಡ ಅಂದೆ. ಆಗ ಅವನನ್ನು ಕೇಳಿದೆ, "ಗಿರಾಕಿಗಳು ಬಂದು ಮೊದ್ಲು ಏನ್ ಕೇಳ್ತಾರೋ?" "ಜಾರ್ತದಾ ಅಂತಾರೆ. ವಯಸ್ಸಾದೋರು ಇರೋ ಮನೆಯೋರು ಎಲ್ರೂ ಅದನ್ನೇ ಕೇಳೋದು." ಅಂಗಡಿ ಹಿಂದಿನ ನಲ್ಲಿಯ ಹತ್ತಿರ ಎರಡು ಟೈಲ್ಸ್ ಇಟ್ಟು, ನೀರು ಚೆಲ್ಲಿ, ಅಮ್ಮನನ್ನು ಅದರ ಮೇಲೆ ನಡೆಸಿ, ಅವಳ ಒದ್ದೆ ಹೆಜ್ಜೆಯ ಗುರುತನ್ನು ಫೋನಿನಲ್ಲೇ ಫೋಟೋ ತೆಗೆದೆವು. ಬೋರ್ಡಿನಲ್ಲಿ ಈಗ ಇರುವುದು ಆ ಹೆಜ್ಜೆ, ಅದರ ಕೆಳಗೆ ಚದರಡಿಯ ರೇಟು, ಮೇಲೆ ದಪ್ಪ ಅಕ್ಷರದಲ್ಲಿ "ನೀರು ಬಿದ್ದರೂ ಜಾರದು". ಫ್ಲೆಕ್ಸ್ ಹುಡುಗ ಸ್ವಲ್ಪ ಹೊತ್ತು ಪರದೆ ನೋಡಿ, "ಅಕ್ಕಾ, ಇದು ಯಾರ್ ಕಾಲು?" ಅಂದ. "ನಮ್ಮಮ್ಮಂದು" ಅಂದ ತಮ್ಮ. ಆ ತಿಂಗಳು ಇಬ್ಬರು ಮೂವರು ಗಿರಾಕಿಗಳು ಒಳಗೆ ಬಂದವರೇ "ಆ ಜಾರದ ಟೈಲ್ಸ್ ತೋರ್ಸಿ" ಅಂದರಂತೆ.